ನೀನು ಹೇಳಿದ ಉತ್ತರಗಳು

ಹುಮನಾಬಾದ್
9 ನವೆಂಬರ್ 2025, ಭಾನುವಾರ

ಅಕ್ಕರೆಯ ಅತಿಯಾ ಆಪಾ,

ಇದನ್ನು ಫೋನಿನಲ್ಲಿ ಮುಂದೆ ಓದಿಸುವ ಮೊದಲು ಇಯರ್‌ಫೋನ್ ಹಾಕಿಕೊ. ಅಂಗಳದಲ್ಲಿ ಕೂತಿದ್ದರೆ ಎದ್ದು ಮಾಳಿಗೆಗೆ ಹೋಗು. ಅಮ್ಮೀ ಕೇಳಿದರೆ ನೌಕರಿಯ ಕಾಗದ ಎನ್ನು, ಅದು ಸುಳ್ಳೇನೂ ಅಲ್ಲ. ಲಕೋಟೆಯಲ್ಲಿ ಈ ಹಾಳೆಗಳ ಜೊತೆ ಎರಡು ಪುಸ್ತಿಕೆಗಳಿವೆ. ಅವನ್ನು ಮನೆಯಲ್ಲಿ ಯಾರ ಕೈಗೂ ಕೊಡಬೇಡ. ತಂದುಕೊಟ್ಟ ಭೀಮಬಾಯಿ ಮೇಡಂಗೂ ಒಳಗೆ ಏನಿದೆ ಎಂದು ನಾನು ಹೇಳಿಲ್ಲ.

ನಾನು ಕೆಲಸ ಮಾಡುವ ಡಿಟಿಪಿ ಅಂಗಡಿಗೆ ಇವತ್ತು ರಜೆ. ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಶಟರ್ ಅರ್ಧ ಎಳೆದುಕೊಂಡು ಕೂತು ಟೈಪ್ ಮಾಡುತ್ತಿದ್ದೇನೆ. ನನ್ನ ಕೈಬರಹವನ್ನು ನಿನ್ನ ಫೋನು ಓದುವುದಿಲ್ಲ, ಅಚ್ಚಾದದ್ದನ್ನು ಓದುತ್ತದೆ. ದನಿಯಲ್ಲೇ ಹೇಳಿ ಕಳಿಸೋಣವೆಂದು ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಅಳಿಸಿದೆ. ನಿನ್ನ ಫೋನನ್ನು ಮನೆಯವರೆಲ್ಲ ಮುಟ್ಟುತ್ತಾರೆ. ಅಲ್ಲದೆ ಇದು ಕಾಗದದ ಮೇಲೆ, ನನ್ನ ಸಹಿಯ ಜೊತೆ ಇರಬೇಕು. ನಿನಗೆ ಗೊತ್ತಿರುವ ಸಂಗತಿಗಳನ್ನೂ ಅದಕ್ಕೇ ಬರೆಯುತ್ತಿದ್ದೇನೆ. ಈ ಹಾಳೆಗಳನ್ನು ನಾಳೆ ಬೇರೆಯವರೂ ಓದಬೇಕಾಗಬಹುದು.

ನಾನು ಸ್ನೇಹಲ್, ರಾಜೇಶ್ವರದ ಶೇವಂತಾಬಾಯಿಯ ಮಗಳು. ಬಸವಕಲ್ಯಾಣದ ಅತಿಯಾ, ಅಂದರೆ ನಿನಗೆ, ಎರಡೂವರೆ ವರ್ಷ ಪುಸ್ತಕ ಓದಿ ಹೇಳಿದವಳು. ಈ ವರ್ಷ ಜನವರಿ ಹತ್ತೊಂಬತ್ತರಂದು ಹುಮನಾಬಾದಿನ ಪರೀಕ್ಷಾ ಕೇಂದ್ರದಲ್ಲಿ, ಪ್ರಥಮ ದರ್ಜೆ ಸಹಾಯಕರ ನೇಮಕಾತಿ ಪರೀಕ್ಷೆಗೆ ನಿನ್ನ ಸ್ಕ್ರೈಬ್ ಆಗಿ ಕೂತವಳು. ನಿನಗೆ ಕಣ್ಣು ಕಾಣುವುದಿಲ್ಲವಾದ್ದರಿಂದ ನೀನು ಬಾಯಲ್ಲಿ ಹೇಳಿದ ಉತ್ತರವನ್ನು ಹಾಳೆಯ ಮೇಲೆ ಗುರುತು ಮಾಡುವುದು ನನ್ನ ಕೆಲಸವಾಗಿತ್ತು.

ಆಪಾ, ನಾನು ಆ ಕೆಲಸ ಮಾಡಲಿಲ್ಲ. ನೀನು ಹೇಳಿದ್ದನ್ನು ಬಿಟ್ಟು ಬೇರೆ ಉತ್ತರಗಳನ್ನು ತುಂಬಿದೆ.

ಇಲ್ಲಿಗೆ ನಿಲ್ಲಿಸಿ ನನಗೆ ಫೋನು ಮಾಡಬೇಡ. ದಯವಿಟ್ಟು ಪೂರ್ತಿ ಕೇಳು.

ಮೊದಲನೆಯ ಸಲ ನಿನ್ನ ಮನೆಗೆ ಬಂದಾಗ ನಾನು ಪಿಯುಸಿ ಮೊದಲ ವರ್ಷದಲ್ಲಿದ್ದೆ. ಭೀಮಬಾಯಿ ಮೇಡಂ ಕನ್ನಡದ ತಾಸಿನಲ್ಲಿ ನನ್ನಿಂದ ಪಾಠ ಓದಿಸಿ, ಮುಗಿದ ಮೇಲೆ ಹತ್ತಿರ ಕರೆದು, ಕೋಟೆಯ ಕಡೆ ಒಬ್ಬ ಹುಡುಗಿ ಇದ್ದಾಳೆ, ಆರನೇ ಇಯತ್ತೆಯಲ್ಲಿ ಜ್ವರ ಬಂದು ಕಣ್ಣು ಹೋಯಿತು, ಬಿಎ ಮಾಡಿದ್ದಾಳೆ, ದಿನಾ ಎರಡು ತಾಸು ಓದಿ ಹೇಳುತ್ತೀಯಾ ಎಂದು ಕೇಳಿದ್ದರು. ಅವತ್ತು ನೀನು ನನಗೆ ಸಂವಿಧಾನದ ಪುಸ್ತಕ ಕೊಟ್ಟೆ. ನಾನು ಅಲ್ಪವಿರಾಮವನ್ನೂ ಬಿಡದೆ ಓದಿದೆ. ನೀನು ನಕ್ಕು, "ಬೇಟಾ, ಬಸ್ ಸ್ಟ್ಯಾಂಡಿನಾಗ ಅನೌನ್ಸ್ ಮಾಡ್ದಾಂಗ ಓದಬ್ಯಾಡ, ನಂಗ ಹೇಳ್ದಾಂಗ ಓದು" ಅಂದೆ. ನಾನು ನಿನಗೆ ನೀವು ಎನ್ನುವುದನ್ನು ಬಿಟ್ಟದ್ದು ಎರಡನೇ ವಾರದಲ್ಲಿ. ನಿಮ್ಮ ಅಬ್ಬಾ ಅಬ್ದುಲ್ ಕರೀಂ ಚಾಚಾ ಹೊರಗಿನ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದವರು ನಾವು ಓದಲು ಕೂತ ಕೂಡಲೇ ಎದ್ದು ಅದನ್ನು ಹಿತ್ತಲಿಗೆ ಒಯ್ದು ಹೊಲಿಯುತ್ತಿದ್ದರು.

ನಾನು ಬರುವುದಕ್ಕೂ ಮೊದಲಿನ ಪರೀಕ್ಷೆಯಲ್ಲಿ ಕೇಂದ್ರದವರು ಕೊಟ್ಟ ಸ್ಕ್ರೈಬ್ ಹುಡುಗನಿಗೆ ಕನ್ನಡ ಸರಿಯಾಗಿ ಓದಲು ಬರದೆ ನಿನ್ನ ಮೂವತ್ತು ಪ್ರಶ್ನೆ ಹಾಗೇ ಉಳಿದಿದ್ದವು. ಎರಡನೇ ಸಲ ನಾನು ಬರೆದೆ. ಒಂದೂವರೆ ಅಂಕಕ್ಕೆ ಹೋಯಿತು. ಆಗ ನೀನು ಅಳಲಿಲ್ಲ, ಮಾರನೆಯ ದಿನವೇ ಭೂಗೋಳ ತೆಗೆಯಲು ಹೇಳಿದೆ.

ಈಗ ನಾನು ಯಾರಿಗೂ ಹೇಳದ ಒಂದು ಮಾತು. ನನಗೆ ಸಾಕಾಗಿತ್ತು, ಆಪಾ. ರಾಜೇಶ್ವರದಿಂದ ಬಸ್ಸು ಹಿಡಿದು ಬರುವುದು, ಅದೇ ಪುಸ್ತಕ, ಅದೇ ಇಸವಿಗಳು, ಅದೇ ತಿದ್ದುಪಡಿಗಳು. ನನ್ನ ಗೆಳತಿಯರು ಕಾಲೇಜು ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ನಗುತ್ತ ನಿಂತಿರುವಾಗ ನಾನು ನಿನ್ನ ಮನೆಯ ಓಣಿ ಹಿಡಿಯುತ್ತಿದ್ದೆ. ಮೂರನೇ ಸಲವೂ ಹೋದರೆ ನೀನು ಮತ್ತೆ ಭೂಗೋಳ ತೆಗೆಯಲು ಹೇಳುತ್ತೀಯ, ನಾನು ಇಲ್ಲ ಎನ್ನಲಾರೆ ಎಂದು ಹೆದರುತ್ತಿದ್ದೆ. ಮುಂದೆ ನಡೆದದ್ದಕ್ಕೆಲ್ಲ ನಿನ್ನ ಮೇಲಿನ ಪ್ರೀತಿಯೇ ಕಾರಣ ಎಂದು ಬರೆಯಬಹುದಿತ್ತು. ಇದೂ ಒಂದು ಕಾರಣ. ಮತ್ತು ನೀನು ಪಾಸಾಗುತ್ತೀ ಎಂಬ ನಂಬಿಕೆ ನನಗಿರಲಿಲ್ಲ.

ಡಿಸೆಂಬರಿನ ಕೊನೆಯ ವಾರ, ಮಧ್ಯಾಹ್ನ ಊಟದ ಹೊತ್ತಿಗೆ ನಿನ್ನ ಅಣ್ಣ ಫಾಜಿಲ್ ಭಾಯ್ ಈ ಅಂಗಡಿಗೆ ಬಂದ. ಹೊರಗೆ ಅವನ ಕ್ರೂಸರ್ ಗಾಡಿ ನಿಂತಿತ್ತು. ಒಳಗೆ ಮುಂದಿನ ಸೀಟಿನಲ್ಲಿ ಶಂಕರಲಿಂಗ ಸರ್ ಕೂತಿದ್ದರು, ಇಲ್ಲಿ ಸ್ಪರ್ಧಾ ಪರೀಕ್ಷೆಗಳ ಕೋಚಿಂಗ್ ಸೆಂಟರ್ ನಡೆಸುವವರು. ಅವರ ನೋಟ್ಸ್ ಅನ್ನು ನಾನು ನಿನಗೆ ಎಷ್ಟು ಸಲ ಓದಿದ್ದೇನೆ. ಗಾಡಿಯಲ್ಲಿ ಕೂತೇ ಮಾತಾಡಿದೆವು. ಫಾಜಿಲ್ ಭಾಯ್ ಸ್ಟೇರಿಂಗ್ ಹಿಡಿದುಕೊಂಡೇ ಇದ್ದ, ಗಾಡಿ ಓಡುತ್ತಿದೆಯೇನೋ ಎನ್ನುವ ಹಾಗೆ.

"ಸ್ನೇಹಲ್, ಆಕಿ ಎರಡು ಸಲ ಬಿದ್ದಾಳ. ಇನ್ನೊಂದ್ಸಲ ಬಿದ್ರ ಮ್ಯಾಲ ಏಳೂದಿಲ್ಲ, ನಂಗ ಗೊತ್ತದ. ಅಬ್ಬಾ ಹೇಳಿಬಿಟ್ಟಾರ, ಇದು ಆಖ್ರಿ ಸಲ ಅಂತ. ಆಮ್ಯಾಲ ಓದೂದು ಬಂದ್. ನೀ ಹೂಂ ಅಂದ್ರ ಆಕಿ ಖುರ್ಚಿ ಮ್ಯಾಲ ಕೂಡ್ತಾಳ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಶಂಕರಲಿಂಗ ಸರ್ ತಿರುಗಿ, ತರಗತಿಯಲ್ಲಿ ಲೆಕ್ಕ ಬಿಡಿಸಿ ಹೇಳುವ ಸಮಾಧಾನದಲ್ಲೇ ಹೇಳಿದರು. ಉತ್ತರದ ಚೀಟಿ ಬರುತ್ತದೆ. ಕಣ್ಣಿಲ್ಲದವರಿಗೆ ಬೇರೆ ಕೋಣೆ ಕೊಡುತ್ತಾರೆ, ಅಲ್ಲಿ ಕೂಡುವ ಮೇಲ್ವಿಚಾರಕ ನಮ್ಮವನೇ. "ನೀ ಏನೂ ಮಾಡಾಕಿ ಅಲ್ಲವ್ವಾ. ಆಕಿ ತನ್ನ ಪಾಡಿಗಿ ಹೇಳ್ತಾಳ, ನೀ ಚೀಟಿ ನೋಡಿ ತುಂಬ್ತಿ. ಯಾವ ಗೋಲ ತುಂಬಿದಿ ಅಂಬೂದು ಆಕಿಗಿ ಕಾಣ್ತದೇನು?"

ಆ ಮಾತಿಗೆ ಫಾಜಿಲ್ ಭಾಯ್ ತಲೆ ತಗ್ಗಿಸಿದ. ಸಣ್ಣವಳಿದ್ದಾಗ ನಿನ್ನನ್ನು ಸೈಕಲ್ಲಿನ ಮುಂದಿನ ಡಂಡಿಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದವನು ಅವನು. ನಾನು ಅವನ ಮುಖ ನೋಡಿದೆ, ಇಳಿದು ಹೋಗಲಿಲ್ಲ. ನಿನಗೆ ಗೊತ್ತಾದರೆ ಎಂದು ಕೇಳಿದೆ. "ಗೊತ್ತಾಗಬಾರದು. ಗೊತ್ತಾದ್ರ ಆಕಿ ಹಾಳಿ ಹರಿದು ಒಗೀತಾಳ" ಅಂದ. ಅವನು ಏನು ಕೊಟ್ಟ, ಯಾರಿಗೆ ಕೊಟ್ಟ, ನಾನು ಕೇಳಲಿಲ್ಲ. ನಾನು ಏನನ್ನೂ ತೆಗೆದುಕೊಂಡಿಲ್ಲ. ಹಾಗೆಂದು ಹೇಳಿಕೊಂಡೇ ಇಷ್ಟು ದಿನ ನಿದ್ದೆ ಮಾಡಿದೆ.

ಪರೀಕ್ಷೆಯ ದಿನ ನೀನು ಹಸಿರು ಸ್ವೆಟರ್ ಹಾಕಿಕೊಂಡಿದ್ದೆ. ನಮಗೆ ಕೊಟ್ಟದ್ದು ಕಾಲೇಜಿನ ಕೆಳಗಿನ ಪ್ರಯೋಗಾಲಯ. ಒಳಗೆ ಕಾಲಿಟ್ಟ ಕೂಡಲೇ ನೀನು, "ಆಸಿಡ್ ವಾಸನಿ ಬರಾಕತ್ತದ, ಇದು ಶಾಣ್ಯಾರ ಖೋಲಿ ಅದ ನೋಡು" ಎಂದು ನಗಿಸಿದೆ. ಮಫ್ಲರ್ ಸುತ್ತಿಕೊಂಡ ಮೇಲ್ವಿಚಾರಕ ನಗಲಿಲ್ಲ. ಹಾಜರಿ ಹಾಳೆಗೆ ನಿನ್ನ ಹೆಬ್ಬೆಟ್ಟು ಒತ್ತಿಸಿಕೊಂಡ, ನನ್ನ ಸಹಿ ತೆಗೆದುಕೊಂಡ, ಆಮೇಲೆ ಪ್ರಶ್ನೆ ಪುಸ್ತಿಕೆಯ ಕೆಳಗೆ ಅಂಗೈಯಷ್ಟು ಚೀಟಿ ಇಟ್ಟು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತ. ಮಧ್ಯಾಹ್ನದ ಪತ್ರಿಕೆಗೂ ಹಾಗೇ ಮಾಡಿದ.

ಆವತ್ತಿನ ತನಕ ನನಗೆ ಇನ್ನೂ ಒಂದು ಆಸೆ ಇತ್ತು. ಚೀಟಿಯೂ ನೀನು ಹೇಳುವುದೂ ಒಂದೇ ಆಗಿಬಿಟ್ಟರೆ ನಾನು ತಪ್ಪು ಮಾಡಿದಂತೆ ಆಗುವುದಿಲ್ಲವಲ್ಲ ಎಂದು. ಮೊದಲ ಆರು ಪ್ರಶ್ನೆ ಹಾಗೇ ಆಯಿತು. ನಾನು ಓದಿದೆ, ನೀನು ಉತ್ತರ ಹೇಳಿ ರೂಢಿಯಂತೆ ಬೆರಳ ಗಿಣ್ಣಿನಿಂದ ಮೇಜಿಗೆ ತಟ್ಟಿದೆ, ಎರಡನೆಯದಾದರೆ ಎರಡು ಸಲ, ಮೂರನೆಯದಾದರೆ ಮೂರು. ಚೀಟಿಯಲ್ಲೂ ಅದೇ ಇತ್ತು. ನನಗೆ ಎದೆ ಹಗುರಾಯಿತು. ಏಳನೆಯದಕ್ಕೆ ನೀನು ಒಂದು ಎಂದೆ, ಚೀಟಿಯಲ್ಲಿ ನಾಲ್ಕು ಇತ್ತು. ನಾನು ಬಾಯಲ್ಲಿ "ಒಂದು" ಎಂದು ಹೇಳಿ ನಾಲ್ಕನೆಯ ವೃತ್ತ ತುಂಬಿದೆ. ನೀನು ತಲೆ ಒಂದಿಷ್ಟು ವಾಲಿಸಿ ಪೆನ್ನಿನ ಸದ್ದು ಕೇಳುತ್ತಿದ್ದೆ. ಯಾವ ವೃತ್ತ ತುಂಬಿದರೂ ಪೆನ್ನಿನ ಸದ್ದು ಒಂದೇ. ಅದು ಮುಗಿಯುವ ತನಕ ಕಾದು, "ಮುಂದ" ಅಂದೆ.

ಮೂವತ್ತೆರಡನೆಯ ಪ್ರಶ್ನೆ ನಿನಗೆ ಖಂಡಿತ ನೆನಪಿರುತ್ತದೆ. ಮಾಂಜ್ರಾ ಯಾವ ನದಿಯ ಉಪನದಿ? ಕೃಷ್ಣಾ, ಭೀಮಾ, ಗೋದಾವರಿ, ತುಂಗಭದ್ರಾ. ನೀನು ಆಯ್ಕೆಗಳನ್ನು ಓದಲೂ ಬಿಡಲಿಲ್ಲ. "ಅಯ್ಯ, ಬೀದರ್ ಜಿಲ್ಲಾದವ್ರಿಗಿ ಇದನ್ನ ಕೇಳ್ತಾರೇನು! ಗೋದಾವರಿ. ಎಷ್ಟನೇದು ಅದ ನೋಡಿ ತುಂಬು ಬೇಟಾ." ಚೀಟಿಯಲ್ಲಿ ಎರಡು ಎಂದಿತ್ತು. ಭೀಮಾ. ಅದು ತಪ್ಪು ಎಂದು ನನಗೂ ಗೊತ್ತು, ನಮ್ಮೂರಿನ ನಾಲ್ಕನೇ ಇಯತ್ತೆಯ ಮಕ್ಕಳಿಗೂ ಗೊತ್ತು. ಕಿಟಕಿಯ ಹತ್ತಿರ ನಿಂತವನು ಆಗ ನನ್ನ ಕಡೆ ತಿರುಗಿದ್ದ. ಸುಮ್ಮನೆ ತಿರುಗಿದನೋ, ನನ್ನನ್ನೇ ನೋಡಲು ತಿರುಗಿದನೋ ಇವತ್ತಿಗೂ ಗೊತ್ತಿಲ್ಲ. ನಾನು ಎರಡನ್ನೇ ತುಂಬಿದೆ. ಅಲ್ಲಿಂದ ಮುಂದೆ ನನಗೆ ಯೋಚನೆಯೇ ಬರಲಿಲ್ಲ. ಓದುವ ಬಾಯಿ ಒಬ್ಬರದು, ತುಂಬುವ ಕೈ ಇನ್ನೊಬ್ಬರದು ಎನ್ನುವ ಹಾಗೆ ಸಂಜೆಯ ತನಕ ಕೂತಿದ್ದೆ.

ಒಂದೇ ಒಂದನ್ನು ನನ್ನ ಕೈ ತಾನಾಗಿ ಮಾಡಿತು. ಮನೆಯಲ್ಲಿ ಅಭ್ಯಾಸದ ಪತ್ರಿಕೆ ಬಿಡಿಸುವಾಗ ನೀನು ಹೇಳಿದ ಆಯ್ಕೆಗೆ ನಾನು ಪುಸ್ತಕದಲ್ಲೇ ಒಂದು ಚುಕ್ಕೆ ಇಡುತ್ತಿದ್ದೆನಲ್ಲ, ಆಮೇಲೆ ತಾಳೆ ನೋಡಲು. ಅವತ್ತೂ ಪ್ರಶ್ನೆ ಪುಸ್ತಿಕೆಯಲ್ಲಿ ಚುಕ್ಕೆ ಇಡುತ್ತ ಹೋಗಿದ್ದೆ. ಇನ್ನೂರು ಪ್ರಶ್ನೆಗೂ ಇಟ್ಟಿದ್ದೇನೆ, ನೀನು ಬಿಡು ಎಂದವಕ್ಕೆ ಸಣ್ಣ ಗೆರೆ ಹಾಕಿದ್ದೇನೆ. ಲಕೋಟೆಯಲ್ಲಿರುವುದು ಅವೇ ಎರಡು ಪುಸ್ತಿಕೆ. ನಿನ್ನ ನೋಂದಣಿ ಸಂಖ್ಯೆ ಅವುಗಳ ಮೇಲಿದೆ. ಬಸ್ಸಿನಲ್ಲಿ ಕಳೆದವು ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ವೃತ್ತ ತುಂಬಿದ ಓಎಂಆರ್ ಹಾಳೆಯ ಕಾರ್ಬನ್ ಪ್ರತಿಯನ್ನು ಮಾತ್ರ ಫಾಜಿಲ್ ಭಾಯ್ ಕೇಂದ್ರದ ಗೇಟಿನಲ್ಲೇ ನನ್ನಿಂದ ಇಸಿದುಕೊಂಡ.

ಫೆಬ್ರವರಿಯಲ್ಲಿ ಸರಿಯುತ್ತರಗಳು ಪ್ರಕಟವಾದ ದಿನ ನೀನು ನನ್ನನ್ನು ಕೂರಿಸಿಕೊಂಡು ನೆನಪಿನಿಂದಲೇ ನೂರಕ್ಕೂ ಹೆಚ್ಚು ಪ್ರಶ್ನೆ ಹೇಳಿದೆ, ನಿನ್ನ ಉತ್ತರದ ಸಮೇತ. ಮುಗಿದ ಮೇಲೆ "ಈ ಸಲ ಆಗ್ತದ ಸ್ನೇಹಲ್, ನನ್ನ ಹಿಸಾಬಿನಾಗ ಆಗ್ತದ" ಅಂದೆ. ನಾನು ಆಗ ನಿನ್ನ ಸಮಾಧಾನಕ್ಕಾಗಿ ಹೂಂಗುಟ್ಟಿದೆ, ನಂಬಲಿಲ್ಲ. ಮನೆಗೆ ಹೋಗಿ ತಾಳೆ ನೋಡುವ ಧೈರ್ಯವೂ ಆಗಲಿಲ್ಲ. ಪುಸ್ತಿಕೆಗಳನ್ನು ಅಟ್ಟದ ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದೆ.

ಸೆಪ್ಟೆಂಬರಿನಲ್ಲಿ ಆಯ್ಕೆ ಪಟ್ಟಿ ಬಂತು. ನಿನ್ನ ಹೆಸರಿನ ಮುಂದೆ ನೂರಾ ಎಪ್ಪತ್ತಾರು. ನಾನು ಓದಿ ಹೇಳಿದಾಗ ನೀನು ನಕ್ಕೆ. ಆಮೇಲೆ, "ಇಷ್ಟು ಹ್ಯಾಂಗ ಬಂತು? ನಂದು ಅಂದಾಜು ಇಷ್ಟು ಇರ್ಲಿಲ್ಲಲ್ಲ" ಎಂದು ಮೆಲ್ಲಗೆ ಕೇಳಿದೆ. ಅಷ್ಟರಲ್ಲಿ ದಿಲ್ಶಾದ್ ಅಮ್ಮೀ ಅಳುತ್ತ ಬಂದು ನಿನ್ನನ್ನು ತಬ್ಬಿಕೊಂಡರು, ನಾನು ಉತ್ತರ ಕೊಡುವುದು ತಪ್ಪಿತು. ಮುಂದಿನ ಶುಕ್ರವಾರ ಓಣಿಯವರೆಲ್ಲ ಸೇರಿ ನಿನಗೆ ಶಾಲು ಹೊದಿಸಿದರು. ಮುಡಬಿ, ಕೊಹಿನೂರು ಹಳ್ಳಿಗಳಿಂದಲೂ ನಿಮ್ಮ ನೆಂಟರು ಬಂದಿದ್ದರು. ನೀನು ಮೈಕ್ ಹಿಡಿದು, ಇದರಲ್ಲಿ ಅರ್ಧ ಸ್ನೇಹಲ್‌ಳದು, ಅವಳೇ ನನ್ನ ಕಣ್ಣು ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಬ್ದುಲ್ ಕರೀಂ ಚಾಚಾ ನನ್ನ ತಲೆಯ ಮೇಲೆ ಕೈ ಇಟ್ಟು, ಇವಳಿಗೂ ಒಂದು ಜೊತೆ ಬಟ್ಟೆ ನಾನೇ ಹೊಲಿದು ಕೊಡುತ್ತೇನೆ ಎಂದರು. ಕೊಟ್ಟಿದ್ದಾರೆ. ನಾನು ಒಮ್ಮೆಯೂ ಹಾಕಿಕೊಂಡಿಲ್ಲ.

ಆ ಸಮಾರಂಭದಿಂದ ಮನೆಗೆ ಬಂದು ಟ್ರಂಕು ತೆಗೆದೆ. ಯಾಕೆ ತೆಗೆದೆನೋ ತಿಳಿಯದು. ಬಹುಶಃ ನಿನಗೆ ಹೇಗೂ ಬರುತ್ತಿರಲಿಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಲು ಇರಬೇಕು. ಚುಕ್ಕೆಗಳನ್ನು ಸರಿಯುತ್ತರಗಳ ಜೊತೆ ಒಂದೊಂದೇ ತಾಳೆ ನೋಡಿದೆ. ತಪ್ಪಿಗೆ ಕಾಲು ಅಂಕ ಕಳೆದೆ. ಮೂರು ಸಲ ಕೂಡಿದೆ. ನಿನ್ನ ಸ್ವಂತ ಉತ್ತರಗಳಿಗೆ ನೂರಾ ಐವತ್ತೊಂದು ಬರುತ್ತದೆ, ಆಪಾ. ನಿನ್ನ ಮೀಸಲಿನ ಪಟ್ಟಿಯಲ್ಲಿ ಕೊನೆಗೆ ಆಯ್ಕೆಯಾದವರ ಅಂಕ ನೂರಾ ಮೂವತ್ತೆಂಟು.

ನೀನು ಪಾಸಾಗಿದ್ದೆ. ನಾನು ಸುಮ್ಮನೆ ನೀನು ಹೇಳಿದ್ದನ್ನು ತುಂಬಿದ್ದರೆ ಸಾಕಿತ್ತು.

ಇದನ್ನು ಬರೆದ ಮೇಲೆ ಎದ್ದು ಹೋಗಿ ಶಟರ್ ಕೆಳಗಿನಿಂದ ಹೊರಗೆ ನೋಡಿ ಬಂದೆ. ಎದುರಿನ ಹೋಟೆಲಿನ ಕಟ್ಟೆಯ ಮೇಲೆ ನಿನ್ನೆ ಕೂತಿದ್ದ ಮನುಷ್ಯನೇ ಇವತ್ತೂ ಕೂತಿದ್ದಾನೆ. ಚಹಾ ಮುಗಿದು ಎಷ್ಟೋ ಹೊತ್ತಾಗಿದೆ. ಶಂಕರಲಿಂಗ ಸರ್ ಕಡೆಯವನೋ, ತನಿಖೆಯವರ ಕಡೆಯವನೋ, ಸುಮ್ಮನೆ ಕೂತವನೋ. ಈಗ ನನಗೆ ಎಲ್ಲರೂ ಒಂದೇ ಥರ ಕಾಣುತ್ತಾರೆ.

ಪತ್ರಿಕೆಯಲ್ಲಿ ಬಂದದ್ದನ್ನು ನೀನೂ ಕೇಳಿದ್ದೀಯ. ಕಳೆದ ವಾರ ನೀನೇ ಫೋನು ಮಾಡಿ, "ನಮ್ಮ ಪರೀಕ್ಷಾದಾಗೂ ಕಾಪಿ ಮಾಡ್ಯಾರಂತ, ಕೇಳಿದೇನು? ರಾತ್ರಿ ಹಗಲಿ ಓದಿದವರ ಹೊಟ್ಟಿ ಮ್ಯಾಲ ಹೊಡಿತಾರ ಹರಾಮಖೋರರು" ಎಂದು ಬೈದಿದ್ದೆ. ನಾನು ಹೌದು ಎಂದೆ. ಅವರು ಹೇಗೆ ಸಿಕ್ಕರು ಗೊತ್ತೇ? ಮಾಂಜ್ರಾದಿಂದ. ಬೀದರ್ ಜಿಲ್ಲೆಯ ಹನ್ನೊಂದು ಅಭ್ಯರ್ಥಿಗಳು ಕಠಿಣ ಪ್ರಶ್ನೆಗಳನ್ನೆಲ್ಲ ಸರಿ ಮಾಡಿ, ಮಾಂಜ್ರಾ ಭೀಮಾ ನದಿಯ ಉಪನದಿ ಎಂದು ಬರೆದಿದ್ದಾರೆ. ಆ ಹನ್ನೊಂದರಲ್ಲಿ ನಿನ್ನ ಹಾಳೆಯೂ ಒಂದು.

ನವೆಂಬರ್ ಒಂದರಂದು ಆ ಮೇಲ್ವಿಚಾರಕನನ್ನು ಹಿಡಿದರು. ಮೂರರಂದು ಫಾಜಿಲ್ ಭಾಯ್ ಗಾಡಿಯ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ ಸೊಲ್ಲಾಪುರಕ್ಕೆ ಹೋದ. ನಾನು ಎಷ್ಟೋ ಸಲ ಫೋನು ಮಾಡಿದೆ, ಸ್ವಿಚ್ ಆಫ್. ಅವನು ಗಾಡಿಯ ಕೆಲಸಕ್ಕೆ ಹೋಗಿಲ್ಲ. ಕೋಚಿಂಗ್ ಸೆಂಟರಿಗೆ ಬೀಗ ಬಿದ್ದಿದೆ, ಬೋರ್ಡು ಕೂಡ ಇಳಿಸಿದ್ದಾರೆ.

ನಾಲ್ಕರಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಶಂಕರಲಿಂಗ ಸರ್ ರಾಜೇಶ್ವರಕ್ಕೆ ನಮ್ಮ ಮನೆಗೆ ಬಂದರು, ಜೊತೆಗೆ ಕರಿ ಕೋಟಿನ ಒಬ್ಬ ವಕೀಲ. ಅವ್ವ ತೊಗರಿ ಬೇಳೆ ಆರಿಸುತ್ತಿದ್ದವಳು ಗಡಬಡಿಸಿ ಎದ್ದು ಹೊರಸು ಹಾಕಿದಳು. ಅವರು ಅವ್ವನ ಮಂಡಿನೋವು ಕೇಳಿದರು, ಈ ಸಲದ ಸೋಯಾ ಹೆಂಗಾಯಿತು ಎಂದು ಕೇಳಿದರು. ಅವ್ವ ಖುಷಿಯಾಗಿ ಎರಡನೇ ಸಲ ಚಹಾಕ್ಕಿಡಲು ಒಳಗೆ ಹೋದಾಗ ನನ್ನ ಕಡೆ ತಿರುಗಿದರು.

"ನಿನ್ನ ಕರೀತಾರ. ಅಂಜಬ್ಯಾಡ. ಆಕಿ ಹೇಳಿದ್ದು ನಾ ತುಂಬೀನಿ ಅನ್ನು, ಅಷ್ಟೇ. ಸ್ಕ್ರೈಬ್ ಅಂದ್ರ ಬರೀ ಕೈ. ಕೈಗಿ ಯಾರು ಶಿಕ್ಷಾ ಕೊಡ್ತಾರ?"

"ಹಂಗಾದ್ರ ಆಪಾ ಮ್ಯಾಲ ಬರ್ತದಲ್ರಿ ಸರ್" ಅಂದೆ.

"ಆಕಿ ಮೊದಲೇ ಉತ್ತರ ಬಾಯಿಪಾಠ ಮಾಡಿದ್ಳು ಅಂತ ಅಂಬ್ತಾರ. ಅನ್ನಲಿ. ಕಣ್ಣಿಲ್ಲದ ಹೆಣ್ಣುಮಗಳಿಗಿ ಯಾವ ಕೋರ್ಟೂ ಒಳಗ ಹಾಕೂದಿಲ್ಲ. ನೌಕರಿ ಹೋಗ್ತದ, ಹ್ಯಾಂಗೂ ಹೋಗೂದೇ ಅದ. ನಿಂದು ಇನ್ನಾ ಇಪ್ಪತ್ತು ವಯಸ್ಸು. ನಿಮ್ಮವ್ವಗ ಯಾರದಾರ?"

ಅವ್ವ ಚಹಾ ತಂದಳು. ಅವರು ಬಸಿಗೆ ಸುರಿದುಕೊಂಡು ಪೂರ್ತಿ ಕುಡಿದು, ಅವ್ವನಿಗೆ ಕೈ ಮುಗಿದು, ನಿಮ್ಮ ಮಗಳು ಶಾಣ್ಯಾಳಿದ್ದಾಳೆ ಎಂದು ಹೇಳಿ ಹೋದರು. ಬೈಯಲಿಲ್ಲ, ಹೆದರಿಸಲಿಲ್ಲ. ಅವರು ಹೋದ ಮೇಲೆ ನಾನು ಮೊರದ ಮುಂದೆ ಕೂತು ಬೇಳೆ ಆರಿಸತೊಡಗಿದೆ. ಅವ್ವನಿಗೆ ಈ ತನಕ ಏನೂ ಗೊತ್ತಿಲ್ಲ.

ನನಗೆ ನೋಟಿಸು ಬಂದಿದೆ. ಮಂಗಳವಾರ ಬೀದರಿಗೆ ಹೋಗಿ ತನಿಖೆಯವರ ಮುಂದೆ ಕೂಡಬೇಕು. ಹೇಳಿಕೆ ಬರೆದುಕೊಳ್ಳುವವರು ಒಬ್ಬ ಹೆಣ್ಣುಮಗಳು, ಮೆತ್ತಗೆ ಮಾತಾಡುತ್ತಾರೆ. ನಾನು ಅಲ್ಲಿ ಎಲ್ಲವನ್ನೂ, ಇಲ್ಲಿ ಬರೆದಂತೆಯೇ, ಚೀಟಿಯಿಂದ ಹಿಡಿದು ಚುಕ್ಕೆಯ ತನಕ ಹೇಳುತ್ತೇನೆ. ಅತಿಯಾ ಬೇಗಂ ಹೇಳಿದ ಉತ್ತರ ಬೇರೆ, ನಾನು ತುಂಬಿದ್ದು ಬೇರೆ, ಆಕೆಗೆ ಏನೂ ಗೊತ್ತಿರಲಿಲ್ಲ ಎಂದು ಹೇಳುತ್ತೇನೆ.

ನಿನ್ನ ನೌಕರಿ ಉಳಿಯುತ್ತದೋ ಇಲ್ಲವೋ ನನಗೆ ತಿಳಿಯದು. ಹದಿನಾಲ್ಕರಂದು ಶುಕ್ರವಾರ ಬೆಂಗಳೂರಿನಲ್ಲಿ ನಿನ್ನ ದಾಖಲೆ ಪರಿಶೀಲನೆ ಇದೆ, ನೀನು ಆಗಲೇ ಹೊಸ ಚಪ್ಪಲಿ ತರಿಸಿಟ್ಟುಕೊಂಡಿದ್ದೀಯ, ಯಾವ ಸೀರೆ ಉಡಲಿ ಎಂದು ಮೊನ್ನೆ ನನ್ನನ್ನು ಕೇಳಿದೆ. ಅಲ್ಲಿಗೆ ಹೋಗಬೇಡ. ಅದಕ್ಕೂ ಮೊದಲು, ನಾಳೆಯೇ, ಭೀಮಬಾಯಿ ಮೇಡಂ ಅವರನ್ನು ಕರೆದುಕೊಂಡು ಬೀದರಿಗೆ ಹೋಗು. ಈ ಪತ್ರ ಮತ್ತು ಪುಸ್ತಿಕೆಗಳನ್ನು ತನಿಖೆಯವರಿಗೆ ಕೊಡು. ಪ್ರಶ್ನೆಗಳನ್ನು ಓದಿಸಿ, ನಿನ್ನ ಉತ್ತರವನ್ನು ಈಗಲೂ ನೀನೇ ಹೇಳು. ಅವರ ಎದುರಿಗೇ ಚುಕ್ಕೆಗಳ ಜೊತೆ ತಾಳೆಯಾಗಲಿ. ಫಾಜಿಲ್ ಭಾಯ್ ಹೆಸರನ್ನು ಇಲ್ಲಿ ಬರೆದಿದ್ದೇನೆ. ಅದರಿಂದ ನಿಮ್ಮ ಮನೆಯಲ್ಲಿ ಏನಾಗುತ್ತದೆ ಎಂದು ಯೋಚಿಸಲು ಹೋದರೆ ಕೀಲಿಮಣೆಯ ಮೇಲೆ ಬೆರಳುಗಳು ನಿಲ್ಲುತ್ತವೆ. ಅವನ ಹೆಸರು ಬಿಟ್ಟು ಬರೆದು ನೋಡಿದೆ. ಬಿಟ್ಟರೆ ಉಳಿದದ್ದನ್ನು ಯಾರೂ ನಂಬುವುದಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಎರಡೂವರೆ ವರ್ಷ ನನ್ನ ದನಿಯನ್ನು ನಂಬಿದ್ದೆ. ನೀನು ಇಷ್ಟೆಲ್ಲ ಓದಿದ್ದನ್ನು ಹತ್ತಿರದಿಂದ ನೋಡಿದವಳು ನಾನೊಬ್ಬಳೇ, ನಂಬದೆ ಇದ್ದವಳೂ ನಾನೇ.

ಪ್ರತಿ ಹಾಳೆಯ ಕೆಳಗೆ ನೀಲಿ ಪೆನ್ನಿನಿಂದ ಸಹಿ ಮಾಡಿದ್ದೇನೆ. ಫೋನು ಅದನ್ನು ಓದುವುದಿಲ್ಲ, ಮೇಡಂ ನೋಡಿ ಹೇಳುತ್ತಾರೆ.

ನಿನಗೆ ಓದಿ ಹೇಳುತ್ತಿದ್ದ
ಸ್ನೇಹಲ್

ತಾ.ಕ.: ಸಹಿ ಹಾಕಿ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ನೋಟಿಸಿನಲ್ಲಿದ್ದ ದಿನ ಮಂಗಳವಾರ ಅಲ್ಲ. ಅದು ಹೋದ ಗುರುವಾರ, ಆರನೇ ತಾರೀಕು. ನಾನು ಹೋಗಿ ಬಂದಾಗಿದೆ. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದೇ ಹೋದೆ. ಬಾಗಿಲ ಹೊರಗೆ ಆ ಕರಿ ಕೋಟಿನ ವಕೀಲ ನಿಂತಿದ್ದ. ಒಳಗೆ ಆ ಅಧಿಕಾರಿ ನೀರು ಕೊಟ್ಟು, "ಆಕಿ ಹೇಳಿದ್ದನ್ನೇ ತುಂಬಿದೇನವ್ವಾ?" ಎಂದು ಕೇಳಿದರು. ನಾನು "ಹೌದ್ರಿ" ಅಂದೆ. ಅಷ್ಟೇ ಅಂದದ್ದು. ಅವರು ಅದನ್ನು ಬರೆದುಕೊಂಡು ಸಹಿ ಮಾಡಿಸಿಕೊಂಡರು. ನಾನು ಎದ್ದು ಬರುವಾಗ, ಹದಿನಾಲ್ಕಕ್ಕೆ ಆಕೆ ಬೆಂಗಳೂರಿಗೆ ಹೋದಾಗ ಅಲ್ಲೇ ಹಿಡಿದರಾಯಿತು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು. ಮಂಗಳವಾರ ಹೋಗುತ್ತೇನೆ ಎಂದು ಮೇಲೆ ಬರೆದದ್ದನ್ನು ಅಳಿಸಿಲ್ಲ, ಮತ್ತೆ ಹೋಗಿ ಹೇಳಿಕೆ ತಿದ್ದಿಸಬೇಕು ಎಂದೇ ಇದ್ದೇನೆ. ಆದರೆ ಗುರುವಾರವೂ ಹೀಗೇ ಅಂದುಕೊಂಡು ಹೋಗಿದ್ದೆ. ನೀನು ನಾಳೆ ಬೆಳಿಗ್ಗೆಯೇ ಹೊರಡು ಆಪಾ, ನನಗಾಗಿ ಕಾಯಬೇಡ.